ಆನ್‌ಲೈನ್ ಕನ್ನಡ ಕ್ಲಾಸು, ಮೀಟಿಂಗು: ಎಲ್ಲರೂ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ನಮ್ಮ ಮನೆಯ ಉಪ್ಪರಿಗೆಯಲ್ಲಿ ಕೂತು ಹೊರದೇಶದ, ಹೊರರಾಜ್ಯದ ಮಕ್ಕಳಿಗೆ ಕನ್ನಡ ಓದು-ಬರಹ ಹೇಳಿಕೊಡಲು ಶುರು ಮಾಡಿದ್ದು 2020ರಲ್ಲಿ. ಕ್ಲಾಸಿನಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಿಗಿಂತ, ಸೇರುವ ಮೊದಲು ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆಗಳೇ ಜಾಸ್ತಿ. ಅದೇ ಉತ್ತರವನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ ಮಾಡಿ ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ನಮ್ಮ ಸಂಘದ ಆನ್‌ಲೈನ್ ಮೀಟಿಂಗನ್ನೂ ನನ್ನ ತಲೆಗೇ ಕಟ್ಟಿರುವುದರಿಂದ ಅಲ್ಲಿನ ಪ್ರಶ್ನೆಗಳೂ ನಡುವೆ ನುಸುಳಿವೆ.

ಝೂಮ್ ಒಳ್ಳೆಯದಾ, ಗೂಗಲ್ ಮೀಟ್ ಒಳ್ಳೆಯದಾ?

ನಿಮ್ಮ ಜನರ ಫೋನಿನಲ್ಲಿ ಈಗಾಗಲೇ ಯಾವುದು ಇದೆಯೋ ಅದು ಒಳ್ಳೆಯದು. ತಮಾಷೆಗೆ ಹೇಳುತ್ತಿಲ್ಲ. ಹೊಸ ಆ್ಯಪ್ ಹಾಕಿಸಿ, ಪಾಸ್‌ವರ್ಡ್ ಮರೆತು, ಒಟಿಪಿಗೆ ಕಾಯುತ್ತಾ ಕೂರುವಷ್ಟರಲ್ಲಿ ಅರ್ಧ ಕ್ಲಾಸು ಮುಗಿದಿರುತ್ತದೆ.

ನಾನು ಬಳಸುವುದು ಝೂಮ್. ಪರದೆಯ ಮೇಲೆ ಮಕ್ಕಳೂ ಗೀಚಬಹುದು. ದುಡ್ಡು ಕೊಡದಿದ್ದರೂ ಮಕ್ಕಳನ್ನು ಇಬ್ಬಿಬ್ಬರಾಗಿ ಬೇರೆ ಬೇರೆ ಕೋಣೆಗೆ ಕಳಿಸಬಹುದು, ಬ್ರೇಕ್‌ಔಟ್ ರೂಮ್ ಅನ್ನುತ್ತಾರಲ್ಲ, ಅದು. ಮೀಟ್‌ನಲ್ಲಿ ಆ ಸೌಲಭ್ಯ ದುಡ್ಡು ಕೊಟ್ಟವರಿಗೆ ಮಾತ್ರ. ಆದರೆ ಕಂಪ್ಯೂಟರಿನಲ್ಲಿ ಮೀಟ್‌ಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರಿನಲ್ಲೇ ತೆರೆಯುತ್ತದೆ, ಹಾಗಾಗಿ ಸಂಘದ ಮೀಟಿಂಗಿಗೆ ಅದೇ ಇಟ್ಟುಕೊಂಡಿದ್ದೇವೆ. ದೊಡ್ಡ ಕಂಪನಿಗಳ ಸಹವಾಸ ಬೇಡ ಅನ್ನುವವರಿಗೆ ಜಿಟ್ಸಿ ಇದೆ, ಉಚಿತ, ಮುಕ್ತ ತಂತ್ರಾಂಶ. 2023ರಿಂದ ಅದರ ಸಾರ್ವಜನಿಕ ತಾಣದಲ್ಲಿ ಮೀಟಿಂಗ್ ಶುರು ಮಾಡುವವರು ಲಾಗಿನ್ ಆಗಬೇಕು, ಸೇರುವವರಿಗೆ ಆ ಕಾಟ ಇಲ್ಲ. ಇಡೀ ಶಾಲೆಗೇ ಬೇಕು, ಸರ್ವರ್ ನೋಡಿಕೊಳ್ಳಲು ಜನ ಇದ್ದಾರೆ ಅಂದರೆ ಬಿಗ್‌ಬ್ಲೂಬಟನ್ ನೋಡಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಪಾಠಕ್ಕೆಂದೇ ಶುರುವಾದದ್ದು ಅದು.

ಸ್ಕೈಪ್ ಇದೆಯಲ್ಲ ಅಂತ ಒಬ್ಬರು ಮೊನ್ನೆಯೂ ಕೇಳಿದರು. ಅದು 2025ರ ಮೇನಲ್ಲೇ ಬಾಗಿಲು ಹಾಕಿತು.

40 ನಿಮಿಷಕ್ಕೆ ಕಟ್ಟಾಗಿ ಹೋಗುತ್ತದಲ್ಲ, ಮೇಡಂ?

ಹೌದು, ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ. ಮೀಟ್‌ನಲ್ಲಿ ಮೂರು ಅಥವಾ ಜಾಸ್ತಿ ಜನ ಇದ್ದರೆ 60 ನಿಮಿಷ. ಎರಡರಲ್ಲೂ 100 ಜನರವರೆಗೆ ಸೇರಬಹುದು, ಅಷ್ಟು ಜನ ಬಂದರೆ ನನಗೆ ಹೇಳಿ, ನಾನು ಊರು ಬಿಟ್ಟು ಹೋಗುತ್ತೇನೆ.

ಮಕ್ಕಳ ಕ್ಲಾಸಿಗೆ ಈ 40 ನಿಮಿಷ ವರ ಅಂತಲೇ ನನ್ನ ಅನಿಸಿಕೆ. ಕೇಂದ್ರ ಶಿಕ್ಷಣ ಇಲಾಖೆ ಆನ್‌ಲೈನ್ ಪಾಠಕ್ಕೆಂದು 2020ರ ಜುಲೈನಲ್ಲಿ ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿಯಲ್ಲೂ 1ರಿಂದ 8ನೇ ತರಗತಿಯ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಕ್ಲಾಸಿಗಿಂತ ಜಾಸ್ತಿ ಬೇಡ ಅಂದಿದ್ದರು. ಏಳು ವರ್ಷದ ಮಗು ಮೂವತ್ತನೇ ನಿಮಿಷಕ್ಕೆ ಕುರ್ಚಿಯಿಂದ ಜಾರಲು ಶುರು ಮಾಡುತ್ತದೆ. ಮೂವತ್ತೈದಕ್ಕೆ ಪರದೆಯಲ್ಲಿ ಬರೀ ಹಣೆ ಕಾಣುತ್ತಿರುತ್ತದೆ. ದೊಡ್ಡವರ ಕ್ಲಾಸಾದರೆ ಕಟ್ಟಾದ ಮೇಲೆ ಅದೇ ಲಿಂಕಿನಲ್ಲಿ ಮತ್ತೆ ಬನ್ನಿ. ನಡುವೆ ಸಿಕ್ಕ ಬಿಡುವಿನಲ್ಲಿ ಕಾಫಿ ಕುಡಿಯಿರಿ.

ಕ್ಯಾಮೆರಾ ಆನ್ ಇಡಲೇಬೇಕಾ? ಮನೆ ಹರಡಿಕೊಂಡು ಬಿದ್ದಿದೆ.

ನಿಮ್ಮ ಮನೆ ನೋಡಲು ನಮಗೆ ಪುರುಸೊತ್ತಿಲ್ಲ. ಮೀಟಿಂಗಿಗೆ ಕ್ಯಾಮೆರಾ ಬೇಕಿಲ್ಲ, ದನಿ ಸ್ಪಷ್ಟ ಇದ್ದರೆ ಸಾಕು. ಕನ್ನಡ ಕ್ಲಾಸಿಗೆ ಮಾತ್ರ ಮಗುವಿನ ಬಾಯಿ ಕಾಣಬೇಕು. ಅದಕ್ಕೆ ಕಾರಣ ಇದೆ.

ಸ ಮತ್ತು ಶ ಬೇರೆ ಬೇರೆ ಅಂತ ಕಿವಿಗೆ ತಿಳಿಯುವುದು ಮೇಲಿನ ಸ್ಥಾಯಿಯ ಸದ್ದಿನಿಂದ. ಸ ಅನ್ನುವಾಗ ಹೊರಡುವ ಸೀಟಿಯಂಥ ಸದ್ದು ಬಹುಪಾಲು 4000 ಹರ್ಟ್ಸಿಗಿಂತ, ಅಂದರೆ ಸೆಕೆಂಡಿಗೆ 4000 ಕಂಪನಕ್ಕಿಂತ, ಮೇಲಿರುತ್ತದೆ. ಹಳೆಯ ಟೆಲಿಫೋನ್ ಲೈನು ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಹಾಗಾಗಿಯೇ ಫೋನಿನಲ್ಲಿ ಹೆಸರು ಹೇಳುವಾಗ "ಶಂಕರದ ಶ" ಅಂತ ಬಿಡಿಸಿ ಹೇಳಬೇಕಾಗುತ್ತಿತ್ತು. ಈಗಿನ ಆ್ಯಪ್‌ಗಳು ಅದಕ್ಕಿಂತ ಎಷ್ಟೋ ವಾಸಿ, ಆದರೆ ನೆಟ್ ಸೊರಗಿದಾಗ, ಅಗ್ಗದ ಬ್ಲೂಟೂತ್ ಇಯರ್‌ಫೋನಿನ ಮೈಕ್ ಆನ್ ಆದಾಗ, ಮತ್ತೆ ಅದೇ ಕಥೆ. ಮಗು "ಶಾಲೆ" ಅಂದಿತೋ "ಸಾಲೆ" ಅಂದಿತೋ ನನಗೆ ಗೊತ್ತಾಗುವುದಿಲ್ಲ. ತುಟಿ ಕಂಡರೆ ಗೊತ್ತಾಗುತ್ತದೆ. ಶ ಅನ್ನುವಾಗ ತುಟಿ ಸ್ವಲ್ಪ ಮುಂದಕ್ಕೆ ಬರುತ್ತದೆ.

ಮಹಾಪ್ರಾಣಕ್ಕೆ ಇನ್ನೊಂದು ಉಪಾಯ ಮಾಡಿದ್ದೇನೆ. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಹರಿದು ಬಾಯಿಯ ಮುಂದೆ ಹಿಡಿಯಲು ಹೇಳುತ್ತೇನೆ. ಪ ಅಂದರೆ ಪಟ್ಟಿ ಸುಮ್ಮನಿರುತ್ತದೆ. ಫ ಅಂದರೆ ಹಾರುತ್ತದೆ. ಕಗೆ ಸುಮ್ಮನೆ, ಖಗೆ ಹಾರುತ್ತದೆ. ಹನ್ನೊಂದು ಪುಟ್ಟ ಚೌಕಗಳಲ್ಲಿ ಹನ್ನೊಂದು ಪಟ್ಟಿ ಒಟ್ಟಿಗೆ ಹಾರುವುದನ್ನು ನೋಡಿದರೆ ಯಾರು ಸರಿ ಹೇಳಿದರು ಅಂತ ಕಿವಿ ಇಲ್ಲದೆಯೂ ತಿಳಿಯುತ್ತದೆ. ಗ-ಘ, ಬ-ಭಗಳಲ್ಲಿ ಇದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಇನ್ನೂ ಉಪಾಯ ಹುಡುಕುತ್ತಿದ್ದೇನೆ.

ಹಾಗಾದರೆ ಯಾವ ಇಯರ್‌ಫೋನ್ ತಗೊಳ್ಳಲಿ?

ವೈರ್ ಇರುವ, ಮೈಕ್ ಇರುವ ಸಾದಾ ಇಯರ್‌ಫೋನ್. ಒಳ್ಳೆಯ ಕ್ಯಾಮೆರಾಕ್ಕೆ ದುಡ್ಡು ಸುರಿಯಬೇಡಿ. ಚಿತ್ರ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ದನಿ ತುಂಡಾದರೆ ಎರಡೇ ನಿಮಿಷಕ್ಕೆ ಎದ್ದು ಹೋಗುತ್ತಾರೆ.

ನನ್ನ ದನಿ ನನಗೇ ತಿರುಗಿ ಕೇಳಿಸುತ್ತಿದೆ. ನನ್ನ ಫೋನ್ ಹಾಳಾಗಿದೆಯಾ?

ಇಲ್ಲ. ನಿಮ್ಮ ದನಿ ನಿಮಗೇ ತಿರುಗಿ ಕೇಳಿಸಿದರೆ ತಪ್ಪು ಸಾಮಾನ್ಯವಾಗಿ ಬೇರೆಯವರ ಕಡೆ ಇರುತ್ತದೆ. ಅವರ ಸ್ಪೀಕರಿನಿಂದ ಹೊರಬಂದ ನಿಮ್ಮ ದನಿ ಅವರ ಮೈಕಿಗೆ ಹೊಕ್ಕು ವಾಪಸ್ ಬರುತ್ತಿದೆ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡುತ್ತಾ ಹೋಗಿ, ಯಾರನ್ನು ಮ್ಯೂಟ್ ಮಾಡಿದಾಗ ಅದು ನಿಂತಿತೋ ಅವರೇ ಕಳ್ಳರು.

ಕೂಯ್ ಅಂತ ಕಿವಿ ಹರಿಯುವ ಶಬ್ದ ಬಂದರೆ ಒಂದೇ ಕೋಣೆಯಲ್ಲಿ ಎರಡು ಫೋನು ಕ್ಲಾಸಿಗೆ ಸೇರಿವೆ ಅಂತ ಅರ್ಥ. ಅಕ್ಕ-ತಮ್ಮ ಅಕ್ಕಪಕ್ಕ ಕೂತಿರುತ್ತಾರೆ. ಪ್ರತಿ ಫೋನಿಗೂ ತನ್ನ ಸ್ಪೀಕರಿನಿಂದ ಏನು ಹೊರಟಿತು ಅಂತ ಗೊತ್ತು, ಅದನ್ನು ಮೈಕಿನಲ್ಲಿ ಕಳೆದು ಹಾಕುತ್ತದೆ. ಪಕ್ಕದ ಫೋನಿನ ಸದ್ದು ಮಾತ್ರ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಫೋನಿನ ಮೈಕನ್ನೂ ಸ್ಪೀಕರನ್ನೂ ಪೂರ್ತಿ ಬಂದ್ ಮಾಡಿ, ಅಥವಾ ಒಬ್ಬರನ್ನು ಅಡುಗೆಮನೆಗೆ ಓಡಿಸಿ. ಅಲ್ಲಿ ಕುಕ್ಕರ್ ಕೂಗುತ್ತಿದ್ದರೆ ಜಗಲಿಗೆ.

ಸ್ಲೇಟಿನಲ್ಲಿ ಬರೆದ ಅಕ್ಷರ ಉಲ್ಟಾ ಕಾಣುತ್ತಿದೆ ಅಂತ ಮಗಳು ಅಳುತ್ತಿದ್ದಾಳೆ.

ಅವಳಿಗೆ ಮಾತ್ರ ಉಲ್ಟಾ ಕಾಣುವುದು. ಕನ್ನಡಿಯಲ್ಲಿ ನೋಡಿದ ಹಾಗೆ ಇರಲಿ ಅಂತ ಆ್ಯಪ್ ನಮ್ಮ ಚಿತ್ರವನ್ನು ನಮಗೆ ತಿರುಗಿಸಿ ತೋರಿಸುತ್ತದೆ. ನನಗೂ ಉಳಿದ ಮಕ್ಕಳಿಗೂ ನೆಟ್ಟಗೇ ಕಾಣುತ್ತದೆ. ಝೂಮ್‌ನ ವಿಡಿಯೊ ಸೆಟ್ಟಿಂಗಿನಲ್ಲಿ ಮಿರರ್ ಅನ್ನುವುದನ್ನು ತೆಗೆದುಹಾಕಿ, ಸರಿಯಾಗುತ್ತದೆ.

ಇದು ಗೊತ್ತಿಲ್ಲದೆ ಮೊದಲ ತಿಂಗಳು ಒಬ್ಬ ಹುಡುಗ ಪಾಪ, ತನ್ನ ಪರದೆಯಲ್ಲಿ ನೆಟ್ಟಗೆ ಕಾಣಲಿ ಅಂತ ಕಷ್ಟಪಟ್ಟು ಎಲ್ಲ ಅಕ್ಷರವನ್ನೂ ಉಲ್ಟಾ ಬರೆದು ತೋರಿಸುತ್ತಿದ್ದ. ನಾನು ಅವನ ಅಮ್ಮನಿಗೆ "ಮಗುವಿನ ಕಣ್ಣು ಒಮ್ಮೆ ತೋರಿಸಿ" ಅಂತ ಹೇಳುವವರೆಗೂ ಹೋಗಿದ್ದೆ.

ಎಲ್ಲ ಮಕ್ಕಳೂ ಒಟ್ಟಿಗೆ ಪದ್ಯ ಹಾಡಿದರೆ ಚೆನ್ನಾಗಿರುತ್ತದಲ್ಲ, ಯಾಕೆ ಹಾಡಿಸುವುದಿಲ್ಲ?

ಹಾಡಿಸಿ ನೋಡಿದ್ದೇನೆ. ಸಂತೆ ಆಗುತ್ತದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನೇರ ಗೆರೆಯಲ್ಲಿ ಸುಮಾರು 14,000 ಕಿಲೋಮೀಟರ್. ಇಂಟರ್ನೆಟ್ ಸಾಗಿಸುವ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ದಾರಿಯಲ್ಲಿ ಎಲ್ಲೂ ನಿಲ್ಲದೆ, ಎಲ್ಲೂ ಬಳಸದೆ ಹೋದರೂ 70 ಮಿಲಿಸೆಕೆಂಡ್ ಬೇಕೇ ಬೇಕು. ಸಮುದ್ರದಡಿಯ ಕೇಬಲ್ಲು ಸುತ್ತಿ ಬಳಸಿ ಹೋಗುತ್ತದೆ, ಮೇಲಿಂದ ಆ್ಯಪಿನ ಕೆಲಸಕ್ಕೂ ಸಮಯ ಹಿಡಿಯುತ್ತದೆ, ಹಾಗಾಗಿ ನಿಜದಲ್ಲಿ ಆಗುವ ತಡ ಇದರ ಎರಡು-ಮೂರು ಪಟ್ಟು. ಮಾತಿಗೆ ಅಷ್ಟು ತಡ ನಡೆಯುತ್ತದೆ. ತಾಳಕ್ಕೆ ನಡೆಯುವುದಿಲ್ಲ. ಒಟ್ಟಿಗೆ ಹಾಡುವವರ ನಡುವೆ ಸುಮಾರು 30 ಮಿಲಿಸೆಕೆಂಡ್ ದಾಟಿದರೆ ತಾಳ ಎಳೆಯಲು ಶುರುವಾಗುತ್ತದೆ. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ ಹತ್ತು ಮೀಟರ್ ಹೋಗುತ್ತದೆ, ಉದ್ದದ ಜಗಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ. ಕ್ಯಾಲಿಫೋರ್ನಿಯಾದ ಮಗುವನ್ನು ಜಗಲಿಗೆ ತರುವುದು ಯಾವ ದುಬಾರಿ ಪ್ಲಾನಿನಿಂದಲೂ ಆಗದ ಕೆಲಸ.

ಹಾಗಾಗಿ ನಾವು ಮಾಡುವುದು ಹೀಗೆ: ನಾನು ಒಂದು ಸಾಲು ಹೇಳುತ್ತೇನೆ, ಎಲ್ಲರೂ ಮ್ಯೂಟ್‌ನಲ್ಲೇ ಜೋರಾಗಿ ಹೇಳುತ್ತಾರೆ, ಆಮೇಲೆ ಒಬ್ಬರು ಮಾತ್ರ ಮ್ಯೂಟ್ ತೆಗೆದು ಹೇಳುತ್ತಾರೆ.

ಸಂಗೀತ ಪಾಠದಲ್ಲಿ ತಂಬೂರಿ ಶ್ರುತಿ ಮಾಯ ಆಗುತ್ತದೆ. ಯಾಕೆ?

ಆ್ಯಪಿಗೆ ತಂಬೂರಿಯೂ ಫ್ಯಾನಿನ ಸದ್ದೂ ಒಂದೇ. ಒಂದೇ ಸಮನೆ ಬರುವ ಸದ್ದನ್ನೆಲ್ಲ ಗಲಾಟೆ ಅಂದುಕೊಂಡು ಅಳಿಸಿಹಾಕುತ್ತದೆ. ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಅನ್ನುವ ಆಯ್ಕೆ ಸಂಗೀತದವರಿಗೆಂದೇ ಇದೆ, ಅದನ್ನು ಆನ್ ಮಾಡಿ. ಇಲ್ಲವಾದರೆ ಗುರುಗಳು ಅಲ್ಲಿ, ಶಿಷ್ಯರು ಇಲ್ಲಿ, ಅದೇ ಶ್ರುತಿಯನ್ನು ತಂತಮ್ಮ ಕೋಣೆಯಲ್ಲೇ ಹಾಕಿಕೊಳ್ಳಿ.

ಎಷ್ಟು ಡೇಟಾ ಹೋಗುತ್ತದೆ?

ವಿಡಿಯೊ ಇದ್ದರೆ ಗಂಟೆಗೆ ಅರ್ಧ ಜಿಬಿಯಿಂದ ಒಂದು ಜಿಬಿಗೂ ಮೇಲೆ. ಬರೀ ದನಿ ಆದರೆ 100 ಎಂಬಿ ಒಳಗೇ ಮುಗಿಯುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕಿನವರು ಎರಡು ಕ್ಲಾಸು ವಿಡಿಯೊದಲ್ಲಿ ಕೂತರೆ ರಾತ್ರಿ ಬೇರೇನೂ ನೋಡುವ ಹಾಗಿಲ್ಲ.

ಭಾರತದ ಟೈಮಾ, ನಮ್ಮ ಟೈಮಾ?

ಇದೊಂದು ಪ್ರಶ್ನೆಗೆ ನಾನು ಕಳೆದುಕೊಂಡಷ್ಟು ನಿದ್ದೆ ಬೇರೆ ಯಾವುದಕ್ಕೂ ಕಳೆದುಕೊಂಡಿಲ್ಲ. ಭಾರತದಲ್ಲಿ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ. ನಮ್ಮ ಶನಿವಾರದ ಕ್ಲಾಸು ಕ್ಯಾಲಿಫೋರ್ನಿಯಾದ ಬೆಳಗಿನ 8 ಗಂಟೆಗೆ ಅಂತ ಗಟ್ಟಿ ಮಾಡಿದ್ದೇವೆ. ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ 8:30, ಚಳಿಗಾಲದಲ್ಲಿ 9:30. ದುಬೈನವರಿಗೆ ರಾತ್ರಿ 7 ಅಥವಾ 8.

ಮೊದಲ ವರ್ಷ ಮಾರ್ಚಿನಲ್ಲಿ ಇದು ನನಗೆ ಮರೆತೇ ಹೋಯಿತು. ನಿಧಾನಕ್ಕೆ ಊಟ ಮುಗಿಸಿ, ಎಲೆ-ಅಡಿಕೆ ಹಾಕಿಕೊಂಡು 9:30ಕ್ಕೆ ಬಂದು ನೋಡಿದರೆ ಮಕ್ಕಳು ಬಂದು, ಕಾದು, ಹೋಗಿ ಆಗಿತ್ತು. ದುಬೈನ ಒಂದು ಹುಡುಗಿ ಮಾತ್ರ ಒಳಗೆ ಕೂತಿದ್ದಳು. "ಟೀಚರ್, ಇವತ್ತು ನಾನೊಬ್ಬಳೇನಾ?" ಅಂದಳು. ಅವತ್ತು ಅವಳಿಗೊಬ್ಬಳಿಗೇ ಪೂರ್ತಿ ಕ್ಲಾಸು ತೆಗೆದುಕೊಂಡೆ. ಆ ವರ್ಷ ಅವಳಷ್ಟು ಚೆನ್ನಾಗಿ ಒತ್ತಕ್ಷರ ಕಲಿತವರು ಇನ್ನೊಬ್ಬರಿಲ್ಲ.

ಲಂಡನ್ನಿನವರಿಗೆ ಇನ್ನೊಂದು ಗೋಜಲು. ಅಲ್ಲಿ ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಹಾಗಾಗಿ ವರ್ಷದಲ್ಲಿ ಮೂರು-ನಾಲ್ಕು ವಾರ ಮಾತ್ರ ನಿಮ್ಮ ಮಧ್ಯಾಹ್ನ 4 ಗಂಟೆಯ ಕ್ಲಾಸು 3ಕ್ಕೇ ಶುರು. ನೆನಪು ಮಾಡಲು ನಾನು ಮೆಸೇಜು ಹಾಕುತ್ತೇನೆ, ದಯವಿಟ್ಟು ಓದಿ. ಹೆಬ್ಬೆರಳು ತೋರಿಸಿ ಸುಮ್ಮನಾಗಬೇಡಿ.

ಕರೆಂಟ್ ಹೋದರೆ?

ಮಳೆಗಾಲದ ಸಾಗರದಲ್ಲಿ "ಹೋದರೆ" ಅನ್ನುವ ಮಾತೇ ಇಲ್ಲ, "ಹೋದಾಗ" ಅನ್ನಿ. ರೌಟರಿಗೆ ಒಂದು ಪುಟ್ಟ ಯುಪಿಎಸ್ ಇಟ್ಟಿದ್ದೇನೆ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ತೋಟದ ಮೇಲೆ ಹಾದು ಬಂದ ಫೈಬರ್ ವೈರಿನ ಮೇಲೆ ಅಡಿಕೆ ಮರ ಬಿದ್ದರೆ ಫೋನಿನ ಹಾಟ್‌ಸ್ಪಾಟ್. ಅದೂ ಸತ್ತರೆ ಪುಣೆಯಲ್ಲಿರುವ ಒಬ್ಬ ಮಗುವಿನ ಅಮ್ಮ ಕ್ಲಾಸು ನಡೆಸಲು ಜೊತೆಗಿದ್ದಾರೆ, ಅವರು ಕಥೆ ಓದುತ್ತಾರೆ. ಮಕ್ಕಳಿಗೆ ನಮ್ಮ ಮನೆಯ ಕರೆಂಟ್ ಹೋಗುವುದೇ ಇಷ್ಟ ಅಂತ ಕಾಣುತ್ತದೆ.

ಗೊತ್ತಿಲ್ಲದವರು ಯಾರಾದರೂ ಕ್ಲಾಸಿಗೆ ನುಗ್ಗಿದರೆ?

2020ರಲ್ಲಿ ಇದೇ ದೊಡ್ಡ ತಲೆನೋವಾಗಿತ್ತು. ಯಾರದೋ ಕ್ಲಾಸಿಗೆ ನುಗ್ಗಿ ಹೊಲಸು ಚಿತ್ರ ಹಾಕುವುದಕ್ಕೆ ಝೂಮ್‌ಬಾಂಬಿಂಗ್ ಅಂತ ಹೆಸರೇ ಬಂತು. ಆ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆ ಸರ್ಕಾರಿ ಕೆಲಸಕ್ಕೆ ಝೂಮ್ ಬೇಡ ಅಂತ ಎಚ್ಚರಿಸಿತು. ಝೂಮ್‌ನವರೂ ಅದೇ ತಿಂಗಳು ಪಾಸ್‌ಕೋಡನ್ನೂ, ನಾವು ಒಳಗೆ ಬಿಡುವವರೆಗೆ ಬಂದವರನ್ನು ಹೊರಗೇ ಕಾಯಿಸುವ ವೇಟಿಂಗ್ ರೂಮನ್ನೂ ತಾವಾಗಿಯೇ ಆನ್ ಇರುವ ಹಾಗೆ ಮಾಡಿದರು. ಅವನ್ನು ಆಫ್ ಮಾಡಬೇಡಿ. ಸ್ಕ್ರೀನ್ ಶೇರ್ ಹೋಸ್ಟಿಗೆ, ಅಂದರೆ ಮೀಟಿಂಗ್ ನಡೆಸುವವರಿಗೆ, ಮಾತ್ರ ಇರಲಿ. ಎಲ್ಲರೂ ಬಂದ ಮೇಲೆ ಮೀಟಿಂಗಿಗೆ ಬೀಗ ಹಾಕಿ. ಕ್ಲಾಸಿನ ಲಿಂಕನ್ನು ಫೇಸ್‌ಬುಕ್ಕಿನಲ್ಲಿ ಹಾಕಲೇಬೇಡಿ.

ನನ್ನದೂ ಒಂದು ನಿಯಮ ಇದೆ. ಹೆಸರಿನ ಜಾಗದಲ್ಲಿ ಮಗುವಿನ ಹೆಸರು ಇರಬೇಕು. "ಐಫೋನ್" ಅಂತ ಬಂದವರನ್ನು ಒಳಗೆ ಬಿಡುವುದಿಲ್ಲ. ಒಂದು ದಿನ ಮೂರು ಐಫೋನ್ ಹೊರಗೆ ಕಾಯುತ್ತಿದ್ದವು, ಅದರಲ್ಲೊಂದು ನಮ್ಮ ಯಜಮಾನರದ್ದು.

ಸ್ಕ್ರೀನ್ ಶೇರ್ ಮಾಡುವಾಗ ಏನು ನೋಡಿಕೊಳ್ಳಬೇಕು?

ಪೂರ್ತಿ ಸ್ಕ್ರೀನ್ ಹಂಚಬೇಡಿ, ಬೇಕಾದ ಒಂದು ಕಿಟಕಿಯನ್ನು ಮಾತ್ರ ಹಂಚಿ. ನೋಟಿಫಿಕೇಶನ್ ಬಂದ್ ಮಾಡಿ. ಕಾಗುಣಿತದ ಪಟ್ಟಿ ತೋರಿಸುತ್ತಿದ್ದಾಗ ನನ್ನ ಪರದೆಯ ಮೂಲೆಯಲ್ಲಿ ನಾದಿನಿಯ ಮೆಸೇಜು ಮೇಲೆದ್ದಿತು: "ಆ ಹುಡುಗನ ಅಮ್ಮ ಫೀಸು ಕೊಟ್ಟಳಾ?" ಆ ಅಮ್ಮ ಮಗನ ಪಕ್ಕದಲ್ಲೇ ಕೂತಿದ್ದರು. ಫೀಸು ಅವತ್ತೇ ಬಂತು, ಆದರೆ ನಾನು ಎರಡು ವಾರ ಅವರ ಮುಖ ನೋಡಿ ಮಾತಾಡಲಿಲ್ಲ.

ದೊಡ್ಡವರಿಗೆ, ಅದರಲ್ಲೂ ಊರಲ್ಲಿ ಒಬ್ಬರೇ ಇರುವ ಅಪ್ಪ-ಅಮ್ಮಂದಿರಿಗೆ ಇನ್ನೊಂದು ಮಾತು. ಬ್ಯಾಂಕಿನವರು, ಪೊಲೀಸರು ಅಂತ ಹೇಳಿಕೊಂಡು ಯಾರೋ ವಿಡಿಯೊ ಕಾಲ್ ಮಾಡಿ ಸ್ಕ್ರೀನ್ ಶೇರ್ ಮಾಡಿ ಅಂದರೆ ಮಾಡಬೇಡಿ. ಶೇರ್ ಮಾಡಿದರೆ ನಿಮಗೆ ಬರುವ ಒಟಿಪಿ ಅವರಿಗೂ ಕಾಣುತ್ತದೆ. ವಿಡಿಯೊ ಕಾಲಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸುತ್ತಾರಲ್ಲ, ಆ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲ. ಫೋನ್ ಇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕ್ಲಾಸಿನ ರೆಕಾರ್ಡಿಂಗ್ ಕೊಡುತ್ತೀರಾ?

ಇಲ್ಲ. ಬೇರೆಯವರ ಮಕ್ಕಳ ಮುಖ, ದನಿ ಅದರಲ್ಲಿರುತ್ತದೆ. ತಪ್ಪು ಓದಿದ್ದು, ಅತ್ತಿದ್ದು, ಎಲ್ಲ. ಕ್ಲಾಸು ತಪ್ಪಿಸಿಕೊಂಡರೆ ನಾನೊಬ್ಬಳೇ ಮಾತಾಡಿರುವ ಐದು ನಿಮಿಷದ ವಿಡಿಯೊ ಕಳಿಸುತ್ತೇನೆ.

ಸಂಘದ ಮೀಟಿಂಗ್ ಎರಡು ಗಂಟೆ ಆದರೂ ಮುಗಿಯುವುದಿಲ್ಲ. ಏನು ಮಾಡೋಣ?

ಮೊದಲ ಹತ್ತು ನಿಮಿಷ "ಕೇಳಿಸ್ತಿದೆಯಾ?" ಗೆ ಹೋಗುತ್ತದೆ. ಆಮೇಲೆ ಖಜಾಂಚಿಯವರು ಪೂರ್ತಿ ಲೆಕ್ಕಪತ್ರವನ್ನು ಮ್ಯೂಟ್‌ನಲ್ಲೇ ಓದುತ್ತಾರೆ. ಈಗ ನಾವು ಲೆಕ್ಕಪತ್ರವನ್ನು ಎರಡು ದಿನ ಮೊದಲೇ ವಾಟ್ಸಾಪಿಗೆ ಹಾಕುತ್ತೇವೆ, ಮೀಟಿಂಗಿನಲ್ಲಿ ಪ್ರಶ್ನೆ ಮಾತ್ರ. ಹೌದು-ಅಲ್ಲ ಅನ್ನುವ ವಿಷಯವಾದರೆ ಗ್ರೂಪಿನಲ್ಲೇ ಪೋಲ್. ಮೀಟ್ ಕಟ್ಟಾಗುವ 60 ನಿಮಿಷವೇ ನಮ್ಮ ಗಂಟೆ ಹೊಡೆಯುವವನು. ಅಧ್ಯಕ್ಷರು ಯಾರನ್ನೂ ನಿಲ್ಲಿಸಲು ಸಂಕೋಚಪಡುತ್ತಾರೆ, ಆ್ಯಪಿಗೆ ಸಂಕೋಚ ಇಲ್ಲ. ಕಂಪ್ಯೂಟರಿನಲ್ಲಿ ಝೂಮ್ ಬಳಸುವವರು ಮ್ಯೂಟ್‌ನಲ್ಲೇ ಇದ್ದು, ಮಾತಾಡುವಾಗ ಮಾತ್ರ ಸ್ಪೇಸ್ ಬಾರ್ ಒತ್ತಿ ಹಿಡಿಯಬಹುದು, ಬಿಟ್ಟರೆ ಮತ್ತೆ ಮ್ಯೂಟ್.

ಮೀಟಿಂಗ್ ಮುಗಿದ ಮೇಲೆ ತಲೆ ಭಾರ ಆಗುತ್ತದೆ. ನನಗೊಬ್ಬನಿಗೇನಾ?

ಎಲ್ಲರಿಗೂ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆರೆಮಿ ಬೈಲೆನ್ಸನ್ 2021ರಲ್ಲಿ ಇದರ ಬಗ್ಗೆ ಬರೆದಿದ್ದರು. ಎಲ್ಲರ ಮುಖವೂ ತೀರಾ ಹತ್ತಿರದಿಂದ ನಮ್ಮನ್ನೇ ನೋಡುತ್ತಿರುತ್ತದೆ, ಇಡೀ ಹೊತ್ತು ನಮ್ಮ ಮುಖ ನಮಗೇ ಕಾಣುತ್ತಿರುತ್ತದೆ, ಕೂತಲ್ಲೇ ಕೂತಿರಬೇಕು, ತಲೆ ಅಲ್ಲಾಡಿಸಿದ್ದು ಯಾರಿಗಾದರೂ ಕಂಡಿತಾ ಅಂತಲೂ ಯೋಚಿಸಬೇಕು. ದಿನವಿಡೀ ಕೈಯಲ್ಲಿ ಕನ್ನಡಿ ಹಿಡಿದು ಓಡಾಡಿದ ಹಾಗೆ. ನಿಮ್ಮ ಚಿತ್ರವನ್ನು ನಿಮಗೆ ಕಾಣದ ಹಾಗೆ ಮಾಡುವ ಆಯ್ಕೆ ಇದೆ, ಝೂಮ್‌ನಲ್ಲಿ ಹೈಡ್ ಸೆಲ್ಫ್ ವ್ಯೂ. ಅದೊಂದೇ ಅರ್ಧ ಭಾರ ಇಳಿಸಿತು, ನನಗಂತೂ.

ಇದೆಲ್ಲ ಶಾಲೆಗೆ ಸಾಟಿಯಾ?

ಅಲ್ಲ. ನನ್ನ ಕ್ಲಾಸಿನ ಮಕ್ಕಳಿಗೆ ಬೇರೆ ದಾರಿ ಇಲ್ಲ, ಶಾರ್ಜಾದಲ್ಲಿ ಪಕ್ಕದ ಬೀದಿಗೆ ಹೋಗಿ ಕನ್ನಡ ಕಲಿಯಲು ಆಗುವುದಿಲ್ಲ, ಅದಕ್ಕೆ ಇದು. 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ಕ್ಲಾಸು ನಿಲ್ಲಿಸಿ ಅಂದಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಎರಡೂ ಕಡೆಯ ಮಾತಿನಲ್ಲೂ ನ್ಯಾಯ ಇತ್ತು. ಆಮೇಲೆ 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಫೋಟೊ ಎಲ್ಲ ಕಡೆ ಓಡಾಡಿತಲ್ಲ, ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಮಗಳು ಕ್ಲಾಸು ಕೇಳುತ್ತಾ ಕೂತಿದ್ದಾಳೆ, ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ನಮ್ಮ ಕಡೆಯ ಗುಡ್ಡಗಳ ಮೇಲೂ ಅಂಥ ಕೊಡೆಗಳು ಇದ್ದವು. ನೆಟ್ ಇಲ್ಲದವರಿಗೆ ಕ್ಲಾಸಿನ ಪಾಠವನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು ಕೇಳುತ್ತಾರೆ. ಅದಕ್ಕೆ ವಿಡಿಯೊ ಕ್ಲಾಸಿನ ಅಬ್ಬರ ಇಲ್ಲ, ಆದರೆ ತಲುಪುತ್ತದೆ.

ನಮ್ಮ ಅಜ್ಜಿಯೂ ಕ್ಲಾಸಿಗೆ ಕೂರಬಹುದಾ?

ಕೂರಲೇಬೇಕು. ಅವರಿಗೆ ಝೂಮ್ ಕಷ್ಟ ಆದರೆ ವಾಟ್ಸಾಪ್ ವಿಡಿಯೊ ಕಾಲ್ ಸಾಕು, ಅದರಲ್ಲೇ 32 ಜನರವರೆಗೆ ಸೇರಬಹುದು. ಫೋನನ್ನು ಕೈಯಲ್ಲಿ ಹಿಡಿದುಕೊಳ್ಳಲು ಹೇಳಬೇಡಿ, ಹತ್ತು ನಿಮಿಷಕ್ಕೆ ಕೈ ಸೋತು ನಮಗೆ ತಾರಸಿ ಕಾಣುತ್ತದೆ. ನೀರು ತುಂಬಿದ ತಂಬಿಗೆಗೆ ಒರಗಿಸಿಡಿ. ಕಿಟಕಿ ಬೆನ್ನ ಹಿಂದೆ ಇರಬಾರದು, ಎದುರಿಗೆ ಇರಬೇಕು, ಇಲ್ಲವಾದರೆ ಮುಖ ಕಪ್ಪಗೆ ಕಾಣುತ್ತದೆ.

ಮೊದಲ ಕ್ಲಾಸಿಗೆ ಏನೇನು ಇಟ್ಟುಕೊಳ್ಳಬೇಕು?

ಸ್ಲೇಟು, ಬಳಪ, ಒರೆಸಲು ಒದ್ದೆ ಬಟ್ಟೆ. ಚಾರ್ಜ್ ಆದ ಫೋನು. ಎರಡು ಬೆರಳಗಲದ ಕಾಗದದ ಪಟ್ಟಿ ಒಂದು.